ಅರಿಶಿನದ ನೀರಲ್ಲಿ ತೊಳೆದ ಅಟ್ಟೆ

ಅಣ್ಣನ ಬಲಗಾಲು ಹೋದದ್ದಕ್ಕೆ ನಮ್ಮ ಮನೆಯಲ್ಲಿ ಎರಡು ಕಾರಣಗಳಿವೆ. ಒಂದನ್ನು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಇನ್ನೊಂದು ನನಗೂ ಅಣ್ಣನಿಗೂ ಮಾತ್ರ ಗೊತ್ತು. ಅದನ್ನು ಬರೆದು ಯಾರಿಗೇನು ಲಾಭ ಎಂದು ಅಣ್ಣ ಕೇಳುತ್ತಾನೆ. ಲಾಭವಿಲ್ಲ, ನಿಜ. ಆದರೆ ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಸಾಕಾಗಿದೆ. ಅಮ್ಮ ಕಣ್ಣು ಮಂಜಾಗಿ ಓದುವುದನ್ನು ಬಿಟ್ಟು ಬಹಳ ಕಾಲವಾಯಿತು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಬನಶಂಕರಿಯಲ್ಲಿ ಅಪ್ಪ ಕಟ್ಟಿಸಿದ ಮನೆ ನಮ್ಮದು. ಕೆಳಗೆ ಅಮ್ಮ ಮತ್ತು ಅಣ್ಣ, ಮೇಲೆ ನಾನು. ಗಂಡ ತೀರಿಕೊಂಡ ಮೇಲೆ ಬಾಡಿಗೆಯವರನ್ನು ಬಿಡಿಸಿ ನಾನು ಇಲ್ಲಿಗೆ ಬಂದೆ. ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಅಣ್ಣ ಮದುವೆಯಾಗಲಿಲ್ಲ. ಒಂದು ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಗೆರೆ ಎಳೆದೂ ಎಳೆದೂ ನಿವೃತ್ತನಾದ. ಅವನಿಗೆ ಅರವತ್ತು ದಾಟಿದ್ದನ್ನು ಅಮ್ಮನಿಗೆ ಇನ್ನೂ ಯಾರೂ ತಿಳಿಸಿಲ್ಲ. ಅವನು ಊಟಕ್ಕೆ ಕೂತರೆ ಇವತ್ತಿಗೂ ಅನ್ನದ ಮೇಲೆ ತುಪ್ಪ ಸುರಿದು, ಪಕ್ಕದಲ್ಲೇ ನಿಂತು ನೋಡುತ್ತಾಳೆ.

ಬೆಟ್ಟದ ಹುಚ್ಚು ಹತ್ತಿದ್ದು ಸಕ್ಕರೆ ಕಾಯಿಲೆಯಿಂದ. ದಿನಾ ನಡೆಯಿರಿ ಎಂದರು ಡಾಕ್ಟರು. ಪಾರ್ಕಿನಲ್ಲಿ ಸುತ್ತುವುದು ಗಾಣದೆತ್ತಿನ ಕೆಲಸ ಎಂದು ಅಣ್ಣ ತುರಹಳ್ಳಿ ಗುಡ್ಡಕ್ಕೆ ಹೋಗತೊಡಗಿದ. ಅಲ್ಲಿ ಅವನಿಗೆ ಗೌಡರು ಸಿಕ್ಕರು. ಸುಬ್ರಹ್ಮಣ್ಯಪುರದ ಹಳೆಯ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಸೈಟಾಗಿ, ಸೈಟುಗಳ ಮೇಲೆ ಕಟ್ಟಡಗಳೆದ್ದು, ಗೌಡರಿಗೆ ಬಾಡಿಗೆ ವಸೂಲಿ ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

"ಉಳುಮೆ ಮಾಡಿದ್ ಕಾಲು ಸ್ವಾಮಿ ಇದು," ಎನ್ನುತ್ತಿದ್ದರು ಅವರು. "ಸೋಫಾ ಮೇಲೆ ಮಡಗಿದ್ರೆ ನಿದ್ದೆ ಬರಾಕಿಲ್ಲ ಅದಕ್ಕೆ."

ಹೀಗೆ ಇಬ್ಬರೂ ಜೋಡಿಯಾದರು. ಭಾನುವಾರ ಬಂತೆಂದರೆ ಗೌಡರ ಕಾರು ನಮ್ಮ ಗೇಟಿನ ಮುಂದೆ ಹಾರನ್ ಹೊಡೆಯುತ್ತಿತ್ತು. ಸಾವನದುರ್ಗ, ಶಿವಗಂಗೆ, ಮಾಕಳಿದುರ್ಗ. ಸಂಜೆ ಸುಟ್ಟ ಬದನೆಕಾಯಿಯಂಥ ಮುಖ ಮಾಡಿಕೊಂಡು ವಾಪಸ್ಸು ಬರುತ್ತಿದ್ದರು. "ದೂರದ ಬೆಟ್ಟ ನುಣ್ಣಗೆ ಅಂತ ಹಿರಿಯರು ಸುಮ್ನೆ ಹೇಳಿದ್ರಾ?" ಎಂದು ಅಮ್ಮ ಗೊಣಗುತ್ತಲೇ ಇಬ್ಬರಿಗೂ ಮಜ್ಜಿಗೆ ಕೊಡುತ್ತಿದ್ದಳು. ಮಳೆಗಾಲ ಮುಗಿದ ಕೂಡಲೇ ಕುಮಾರ ಪರ್ವತ ಹತ್ತಬೇಕೆಂದು ಇಬ್ಬರೂ ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡರು.

ಅಷ್ಟರಲ್ಲಿ ಒಂದು ದಿನ ಅಮ್ಮ ಹಾಲಿನ ನೆಲದ ಮೇಲೆ ಕೆಂಪು ಚುಕ್ಕೆಗಳನ್ನು ಕಂಡಳು. ಸಾಲಾಗಿ ಅಡುಗೆಮನೆಯವರೆಗೆ ಹೋಗಿದ್ದವು. ಅಣ್ಣ ಅಲ್ಲಿ ನಿಂತು ಕಾಫಿ ಸೋಸುತ್ತಿದ್ದ. ಅವನ ಪಾದಕ್ಕೆ ಒಂದು ಡ್ರಾಯಿಂಗ್ ಪಿನ್ ತಲೆಯವರೆಗೆ ಹೊಕ್ಕಿತ್ತು, ಅವನಿಗೆ ಗೊತ್ತೇ ಇರಲಿಲ್ಲ. ನಾನು ಅದನ್ನು ಕಿತ್ತಾಗಲೂ ಅವನು ಹುಬ್ಬು ಗಂಟಿಕ್ಕಲಿಲ್ಲ. ನನಗೆ ಆ ದಿನ ಆದ ಭಯ ಆಸ್ಪತ್ರೆಯಲ್ಲೂ ಆಗಲಿಲ್ಲ.

ಕಾಲಿನ ನರಗಳು ಸೋತಿವೆ, ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು, ಮನೆಯೊಳಗೂ ಇಡಬಾರದು, ಬೆಟ್ಟದ ಮಾತಂತೂ ಎತ್ತಲೇಬೇಡಿ ಎಂದರು ಡಾಕ್ಟರು. ಅಣ್ಣ ಮೊದಲಿನದಕ್ಕೆ ಒಪ್ಪಿದ. ಎರಡನೆಯದರ ಬಗ್ಗೆ ವಾರಗಟ್ಟಲೆ ಚೌಕಾಸಿ ಮಾಡಿದ. ಕೊನೆಗೆ ಜಯನಗರದಲ್ಲಿ ಪಾದಗಳನ್ನೇ ನೋಡುವ ಒಂದು ಕ್ಲಿನಿಕ್ಕಿಗೆ ಹೋಗಿ ಅವರು ಹೇಳಿದಂತೆ ಮಾಡುವುದಾದರೆ ಸರಿ ಎಂಬಲ್ಲಿಗೆ ರಾಜಿಯಾಯಿತು. ಅವನೊಬ್ಬನೇ ಹೋದರೆ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಂಡು ಬರುತ್ತಾನೆಂದು ನಾನೂ ಜೊತೆಗೆ ಹೋದೆ.

ಅಲ್ಲಿದ್ದ ಫಿಸಿಯೋ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ, ಚುರುಕು ಮಾತು. ಅಣ್ಣನನ್ನು ಒಂದು ಗಾಜಿನ ಹಲಗೆಯ ಮೇಲೆ ನಿಲ್ಲಿಸಿದಳು. ಪರದೆಯ ಮೇಲೆ ಅವನ ಪಾದಗಳು ಮೂಡಿದವು. ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಕುಂಕುಮವಿಟ್ಟ ಹಾಗೆ ಕೆಂಪು ಚುಕ್ಕೆ.

"ಅಂಕಲ್, ನಿಮ್ಮ ಭಾರ ಎಲ್ಲಾ ಇಲ್ಲಿ ಬೀಳ್ತಿದೆ," ಎಂದಳು. "ಬೆನ್ನಿಗೆ ಬ್ಯಾಗ್ ಏರಿಸಿದ್ರೆ ಪಾದದ ಕಮಾನು ಇನ್ನೂ ಕೂತ್ಕೊಳತ್ತೆ. ಇಳಿಯೋವಾಗಂತೂ ಈ ಒಂದು ಜಾಗಾನೇ ಸಾಯತ್ತೆ. ಬೇರೆಯವರಿಗೆ ನೋವಾಗತ್ತೆ, ನಿಂತ್ಕೋತಾರೆ. ನಿಮಗೆ ನೋವಾಗಲ್ಲ. ಅದೇ ಪ್ರಾಬ್ಲಮ್."

ಮೆತ್ತನೆಯ ಪೆಟ್ಟಿಗೆಯೊಂದರಲ್ಲಿ ಪಾದಗಳ ಅಚ್ಚು ತೆಗೆದುಕೊಂಡು, ಕೆಲವು ದಿನಗಳ ನಂತರ ಶೂ ಒಳಗೆ ಹಾಕುವ ಒಂದು ಜೊತೆ ಅಟ್ಟೆಗಳನ್ನು ಕೊಟ್ಟಳು. ಇನ್‌ಸೋಲ್ ಎನ್ನುತ್ತಾರೆ. ನೋಡಲು ಏನೂ ಅಲ್ಲ. ಹಿಮ್ಮಡಿ ಕೂರಲು ಒಂದು ಬಟ್ಟಲು, ಕಮಾನಿನ ಕೆಳಗೆ ಒಂದು ಉಬ್ಬು, ಹೆಬ್ಬೆರಳಿನ ಬುಡಕ್ಕೆ ಭಾರ ಬೀಳದ ಹಾಗೆ ಒಂದು ಸಣ್ಣ ಗುಳಿ. ಶೂ ಜೊತೆ ಬಂದಿದ್ದ ತೆಳ್ಳನೆಯ ಪದರವನ್ನು ಕಿತ್ತೆಸೆದು ಇದನ್ನು ಕೂರಿಸಿದಳು. ಮೊದಮೊದಲು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಹಾಕಿ, ಹಾಕುವ ಮೊದಲು ಒಳಗೆ ಕೈಯಾಡಿಸಿ ಕಲ್ಲುಮುಳ್ಳು ನೋಡಿ, ಪ್ರತಿ ಸಂಜೆ ಪಾದ ಯಾರಿಗಾದರೂ ತೋರಿಸಿ ಎಂದಳು. "ಬಿಸಿ ತಾಗಿಸ್ಬೇಡಿ. ಬಿಸಿಲಲ್ಲಿ ನಿಂತ ಕಾರಲ್ಲಿ ಬಿಡ್ಬೇಡಿ. ಗಲೀಜಾದ್ರೆ ಒದ್ದೆ ಬಟ್ಟೇಲಿ ಒರೆಸಿ ಸಾಕು."

ಈ ಬಿಸಿಯ ಮಾತನ್ನು ಅಮ್ಮನಿಗೂ ಹೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅಮ್ಮ ಜನ್ಮದಲ್ಲಿ ಇನ್ನೊಬ್ಬರ ಚಪ್ಪಲಿ ಮುಟ್ಟಿದವಳಲ್ಲ. ಕಾಲಿಗೆ ತಾಗಿದರೂ ಕಾಲು ತೊಳೆಯುವವಳು.

ಮನೆಯೊಳಗೆ ಹಾಕಿಕೊಳ್ಳಲು ಅದೇ ಕ್ಲಿನಿಕ್ಕಿನವರು ಮೆತ್ತನೆಯ ಚಪ್ಪಲಿಯನ್ನೂ ಕೊಟ್ಟಿದ್ದರು. ಅದನ್ನು ಒಳಗೆ ತರುವುದೇ ಒಂದು ಮಹಾಯುದ್ಧವಾಯಿತು. ಚಪ್ಪಲಿ ಹೊಸಿಲು ದಾಟಿದರೆ ತಾನು ಆ ಕಡೆಯಿಂದ ಹೊಸಿಲು ದಾಟಿ ಹೋಗುತ್ತೇನೆಂದು ಅಮ್ಮ ಕೂತಳು. ಅಣ್ಣ ಅವಳ ಪಕ್ಕ ಕೂತು, "ಇದು ಚಪ್ಪಲಿ ಅಲ್ಲಮ್ಮ. ಔಷಧಿ. ಮಾತ್ರೆ ಬಾಯಿಗೆ, ಇದು ಕಾಲಿಗೆ," ಎಂದ. ಔಷಧಿಗೆ ಮೈಲಿಗೆಯಿಲ್ಲ ಎಂಬುದು ಅವಳ ಶಾಸ್ತ್ರದಲ್ಲೂ ಇತ್ತು. ದೇವರ ಮನೆಯ ಮುಂದೆ ಮಾತ್ರ ಬೇಡ ಎಂದು ಒಪ್ಪಿಕೊಂಡಳು. ಶೂ ಒಳಗಿನ ಅಟ್ಟೆಯನ್ನೂ ಅಣ್ಣ ಅವಳಿಗೆ ತೋರಿಸಿದ. ಅದೂ ಔಷಧಿಯೇ ಆಯಿತು. ಆ ಮಾತು ಎಷ್ಟು ಜಾಣತನದ್ದೆಂದು ನಾನು ಆಗ ಮೆಚ್ಚಿಕೊಂಡಿದ್ದೆ.

ಆ ಅಟ್ಟೆ ಕೆಲಸ ಮಾಡಿತು, ಅದನ್ನು ಹೇಳಲೇಬೇಕು. ಅಣ್ಣ ಬೆನ್ನುಚೀಲಕ್ಕೆ ನೀರಿನ ಬಾಟಲಿಗಳನ್ನೂ ಒಂದು ಅಕ್ಕಿ ಚೀಲವನ್ನೂ ತುಂಬಿಕೊಂಡು ನಮ್ಮ ಮನೆಯ ಮೆಟ್ಟಿಲನ್ನು ಹತ್ತಿ ಇಳಿದು ಮಾಡುತ್ತಿದ್ದ. ನನ್ನ ಬಾಗಿಲ ಮುಂದೆ ಧಡ್ ಧಡ್ ಸದ್ದು. ನಾನು ಉತ್ತರ ಪತ್ರಿಕೆ ತಿದ್ದುತ್ತಾ ಒಳಗಿನಿಂದಲೇ ಬೈಯುತ್ತಿದ್ದೆ. ಸಂಜೆ ಅವನು ಕುರ್ಚಿಯ ಮೇಲೆ ಕಾಲು ಚಾಚಿದರೆ ನಾನು ಮೊಬೈಲಿನ ಟಾರ್ಚ್ ಹಾಕಿ ಪಾದ ನೋಡುತ್ತಿದ್ದೆ. ಹೆಬ್ಬೆರಳಿನ ಬುಡದಲ್ಲಿ ಗಟ್ಟಿಯಾಗಿದ್ದ ಆಣಿ ದಿನೇದಿನೇ ಮೆತ್ತಗಾಗುತ್ತಾ ಬಂತು. ಮುದಿ ಅಣ್ಣನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೋಡುವುದರಲ್ಲಿ ಒಂದು ಸಮಾಧಾನವಿತ್ತು. ಗಂಡ ಸತ್ತ ಮೇಲೆ ನಾನು ಇನ್ನೊಬ್ಬರ ಮೈಯನ್ನು ಅಷ್ಟು ಅಕ್ಕರೆಯಿಂದ ಮುಟ್ಟಿರಲೇ ಇಲ್ಲ.

ಮಳೆಗಾಲ ಮುಗಿಯುವ ಮೊದಲೇ ಗೌಡರು ಹೋಗಿಬಿಟ್ಟರು. ಬೆಳಿಗ್ಗೆ ಕಾಫಿ ಕುಡಿದು ಎದ್ದವರು ಅಲ್ಲೇ ಕುಸಿದರಂತೆ. ಅವರ ಮಗ ಫೋನ್ ಮಾಡಿ, "ಅಂಕಲ್, ಅಪ್ಪ ಹೋಗ್ಬಿಟ್ರು. ಮಧ್ಯಾಹ್ನ ಮಣ್ಣು," ಎಂದ. ಅಣ್ಣ ಶೂ ಹಾಕಿಕೊಂಡು ಹೊರಟ. ನಾನು ಶಾಲೆಗೆ ಹೋಗಲೇಬೇಕಾಗಿತ್ತು, ಪರೀಕ್ಷೆಯಿತ್ತು.

ಮಣ್ಣಿನ ಕತೆಯನ್ನು ಅಣ್ಣ ಆಮೇಲೆ ಹೇಳಿದ. ಎಲ್ಲಾ ಜಮೀನು ಹೋದರೂ ಹಿರಿಯರ ಸಮಾಧಿಗಳಿರುವ ಒಂದು ತುಂಡನ್ನು ಆ ಮನೆಯವರು ಉಳಿಸಿಕೊಂಡಿದ್ದರು. ಮೂರು ಕಡೆ ಅಪಾರ್ಟ್‌ಮೆಂಟು. ಮೇಲಿನ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿತ್ತು, ಕೆಲವರು ನಿಂತು ನೋಡುತ್ತಿದ್ದರು. ಹಿಂದಿನ ದಿನ ಮಳೆ ಬಂದು ಗುಂಡಿಯ ಸುತ್ತ ಕೆಮ್ಮಣ್ಣು ಅಂಟಂಟಾಗಿತ್ತು. ಎಲ್ಲರೂ ಬರಿಗಾಲಲ್ಲಿದ್ದರು. ಒಬ್ಬ ಹಿರಿಯರು ಅಣ್ಣನ ಶೂ ನೋಡಿ ತಕರಾರು ತೆಗೆದರಂತೆ. ಗೌಡರ ಮಗ ಅಳುತ್ತಲೇ, "ಬಿಡಿ ದೊಡ್ಡಪ್ಪ, ನಮ್ಮಪ್ಪನ್ ಜತೆ ಬೆಟ್ಟ ಹತ್ತಿದ್ ಶೂ ಅದು," ಎಂದನಂತೆ. ಅಣ್ಣ ಶೂ ಹಾಕಿಕೊಂಡೇ ಗುಂಡಿಯ ಅಂಚಿಗೆ ಹೋಗಿ ಮೂರು ಹಿಡಿ ಮಣ್ಣು ಹಾಕಿದ.

ಮನೆಗೆ ಬಂದಾಗ ಅಮ್ಮ ಗೇಟಿನಲ್ಲೇ ಕಾದು ನಿಂತಿದ್ದಳು. ಪಕ್ಕದ ಓಣಿಯಿಂದ ಹಿತ್ತಿಲಿಗೆ ಹೋಗಿ, ಅಲ್ಲಿನ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು, ಬಟ್ಟೆ ನೆನೆಸಿ ಒಳಗೆ ಬಾ ಎಂದಳು. ಅವನು ಹಾಗೇ ಮಾಡಿದ. ಶೂ ಹಿತ್ತಿಲಲ್ಲಿ ಬಿಟ್ಟ. ಆಮೇಲೆ ಬಹಳ ದಿನ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಗುಡ್ಡಕ್ಕೂ ಹೋಗಲಿಲ್ಲ.

ಗೌಡರ ಕರ್ಮಾಂತರ ಮುಗಿದ ಮೇಲೆ ಅವರ ಮಗ ಬಂದು ಅಪ್ಪ ಬೆಟ್ಟಕ್ಕೆ ಒಯ್ಯುತ್ತಿದ್ದ ಊರುಗೋಲನ್ನು ಕೊಟ್ಟು ಹೋದ. ಅದನ್ನು ಹಿಡಿದುಕೊಂಡು ಅಣ್ಣ ಒಂದು ಸಂಜೆಯೆಲ್ಲಾ ಜಗುಲಿಯಲ್ಲಿ ಕೂತಿದ್ದ. "ಕುಮಾರ ಪರ್ವತಕ್ಕೆ ಹೋಗ್ತೀನಿ ಕಣೆ," ಎಂದ. "ಈ ಕೋಲನ್ನಾದ್ರೂ ಮೇಲೆ ಮುಟ್ಟಿಸಿ ಬರ್ತೀನಿ." ನಾನು ಬೇಡ ಎನ್ನಲಿಲ್ಲ. ಸತ್ತವರಿಗೆ ಕೊಟ್ಟ ಮಾತಿನ ಮುಂದೆ ಬದುಕಿರುವವರ ಮಾತು ಎಲ್ಲಿ ನಡೆಯುತ್ತದೆ? ತುರಹಳ್ಳಿಯ ವಾಕಿಂಗ್ ಗುಂಪೊಂದು ಹೊರಟಿತ್ತು, ಅವರ ಜೊತೆ ಸೇರಿಕೊಂಡ. ಹೊರಡುವ ದಿನ ಶೂ ಬಾಗಿಲ ಬಳಿ ಫಳಫಳ ಅನ್ನುತ್ತಿತ್ತು. ಕೆಲಸದವಳು ತೊಳೆದಿರಬೇಕು ಎಂದುಕೊಂಡೆವು. ಅಣ್ಣ ಪಾಠ ಒಪ್ಪಿಸುವ ಹುಡುಗನಂತೆ ಶೂ ಒಳಗೆ ಕೈಯಾಡಿಸಿದ. ಕಲ್ಲಿಲ್ಲ, ಮುಳ್ಳಿಲ್ಲ. ಇರುವುದನ್ನು ಹುಡುಕಿದ ಕೈಗೆ ಇಲ್ಲದ್ದು ತಿಳಿಯಲಿಲ್ಲ. ಲೇಸು ಕಟ್ಟಿಕೊಂಡು ಹೊರಟ.

ವಾಪಸ್ಸು ಬಂದಾಗ ಎರಡೂ ಕಾಲು ರಕ್ತಮಯ. ಜಿಗಣೆ. ಮಳೆ ಮುಗಿದ ಹೊಸತರಲ್ಲಿ ಘಟ್ಟದ ಕಾಡಿಗೆ ಹೋದವರಿಗೆಲ್ಲ ಆಗುವುದೇ. ಗುಂಪಿನವರೆಲ್ಲರ ಕಾಲ್ಚೀಲವೂ ಹಾಗೇ ಇತ್ತಂತೆ, ಎಲ್ಲರೂ ನಕ್ಕು, ಉಪ್ಪು ಹಾಕಿ, ಫೋಟೋ ತೆಗೆಸಿಕೊಂಡಿದ್ದರು. ಬಲಪಾದದ ಅಡಿಯಲ್ಲಿ ರಕ್ತ ನಿಲ್ಲದೆ ಇದ್ದದ್ದರಿಂದ ಜೊತೆಗಿದ್ದವರೇ ಬ್ಯಾಂಡೇಜು ಸುತ್ತಿದ್ದರು.

"ಕಾಲು ಕೊಡು, ನೋಡ್ತೀನಿ," ಎಂದೆ.

"ಅಯ್ಯೋ ಬಿಡೆ, ಜಿಗಣೆ ಕಚ್ಚಿದ್ದು. ಬಿಚ್ಚಿದ್ರೆ ಮತ್ತೆ ಸೋರತ್ತೆ. ಎರಡು ದಿನ ಬಿಟ್ಟು ನೋಡು." ಅವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಇತ್ತು. ಕೋಲನ್ನು ತುದಿಯ ಬಂಡೆಗೆ ಮುಟ್ಟಿಸಿದ್ದನಂತೆ. ಗೌಡರು ಇದ್ದಿದ್ದರೆ ಮೇಲೆ ನಿಂತು ಏನು ಬೈಯುತ್ತಿದ್ದರೆಂದು ಅವರ ದನಿಯಲ್ಲೇ ಹೇಳಿ ತೋರಿಸಿದ. ಅಮ್ಮ ಬಿಸಿ ಬಿಸಿ ಸಾರನ್ನ ಕಲಸಿ ತಂದಳು.

ಬ್ಯಾಂಡೇಜಿನ ಕೆಳಗೆ ಏನಾಗಿದೆಯೆಂದು ಮೊದಲು ತಿಳಿದದ್ದು ಅಮ್ಮನ ಮೂಗಿಗೆ. "ಏನೋ ಸತ್ತ ವಾಸನೆ ಬರ್ತಿದೆ, ಇಲಿ ಗಿಲಿ ಏನಾದ್ರೂ ನೋಡು," ಎಂದಳು. ಆ ಹೊತ್ತಿಗೆ ಅಣ್ಣನಿಗೆ ಚಳಿಜ್ವರ. ನಾನು ಬ್ಯಾಂಡೇಜು ಬಿಚ್ಚಿದೆ. ಹೆಬ್ಬೆರಳಿನ ಬುಡದಲ್ಲಿ, ಆ ಕೆಂಪು ಚುಕ್ಕೆ ಇದ್ದ ಜಾಗದಲ್ಲಿ, ಒಂದು ತೂತು. ಒಳಗೆ ಬಿಳಿಯದೇನೋ ಕಾಣುತ್ತಿತ್ತು. ಅದು ಮೂಳೆ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಮೊದಲು ಬೆರಳು ತೆಗೆದರು. ಸಾಲಲಿಲ್ಲ. ಪಾದದ ಮುಂಭಾಗ ತೆಗೆದರು. ಅದೂ ಸಾಲಲಿಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು ಎನ್ನುತ್ತಾರಲ್ಲ, ನಮ್ಮ ಪಾಲಿಗೆ ಅದು ಗಾದೆಯಾಗಿ ಉಳಿಯಲಿಲ್ಲ. ಪ್ರತಿ ಸಲವೂ ಕಾಗದಕ್ಕೆ ಸಹಿ ಹಾಕಿದವಳು ನಾನು. ಕೊನೆಗೆ ಸರ್ಜನ್ ಬಂದು ಮಂಡಿಯ ಕೆಳಗೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದರು. ಅಣ್ಣ ತಲೆಯೆತ್ತಿ ಅದನ್ನು ನೋಡಿದ. "ಸಾರ್, ಗೆರೆ ಸ್ವಲ್ಪ ಸೊಟ್ಟಗಿದೆ," ಎಂದ. ಸರ್ಜನ್ ನಕ್ಕರು. ನರ್ಸ್ ನಕ್ಕಳು. ಬಾಗಿಲಾಚೆ ಹೋಗಿ ನಾನು ಗೋಡೆಗೆ ಮುಖ ಒತ್ತಿಕೊಂಡು ಅತ್ತೆ.

ಹೀಗೇಕಾಯಿತು ಎಂದು ನಾನು ಸರ್ಜನ್ನನ್ನು ಕೇಳಿದೆ. ಸಕ್ಕರೆ ಕಾಯಿಲೆ, ವಯಸ್ಸು, ಬೆಟ್ಟ, ಬೆನ್ನ ಮೇಲಿನ ಭಾರ, ಎಲ್ಲಾ ಸೇರಿ ಆಗಿರಬಹುದಮ್ಮ, ಒಂದೇ ಕಾರಣ ಅಂತ ಹೇಳಕ್ಕಾಗಲ್ಲ ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ನನಗೆ ಬೇಕಾಗಿದ್ದದ್ದು ಬೈಯಲು ಒಂದು ಹೆಸರು. ಹಾಗಾಗಿ ಆ ಫಿಸಿಯೋ ಹುಡುಗಿಯನ್ನೇ ಬೈದುಬಿಡೋಣವೆಂದು, ಶೂಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಜಯನಗರಕ್ಕೆ ಹೋದೆ.

ಕಾಲು ಹೋಯಿತೆಂದು ಕೇಳಿ ಅವಳ ಮುಖ ಬಿಳಿಚಿಕೊಂಡಿತು. ನಾನು ಮಾತು ಮುಗಿಸುವ ಮೊದಲೇ ಬಲಗಾಲಿನ ಶೂ ಒಳಗಿನಿಂದ ಅಟ್ಟೆಯನ್ನು ಎಳೆದು ಮೇಜಿನ ಮೇಲಿಟ್ಟಳು. ಅದು ದೋಸೆಯ ಹಾಗೆ ಚಪ್ಪಟೆಯಾಗಿ ಬಿದ್ದುಕೊಂಡಿತು.

"ಆಂಟಿ, ನಾನು ಕೊಟ್ಟಿದ್ದು ಹೀಗಿರಲಿಲ್ಲ," ಎಂದಳು. ಬೆರಳಿನಿಂದ ಸವರಿದಳು. ಕಮಾನಿನ ಉಬ್ಬು ಇಲ್ಲ. ಗುಳಿ ಇಲ್ಲ. ಗುಳಿಯಿದ್ದ ಜಾಗದ ಅಂಚು ಮುದುರಿ ಒಂದು ಗಟ್ಟಿ ಏಣಾಗಿತ್ತು. ಸರಿಯಾಗಿ ಹೆಬ್ಬೆರಳಿನ ಬುಡಕ್ಕೆ ಒತ್ತುವ ಹಾಗೆ. "ಇದಕ್ಕೆ ಚೆನ್ನಾಗಿ ಬಿಸಿ ತಾಗಿದೆ. ಬಿಸಿ ಇರೋವಾಗ್ಲೇ ಯಾರೋ ಮೇಲೆ ಭಾರ ಇಟ್ಟಿದ್ದಾರೆ. ಬಿಸಿ ಮಾಡೇ ನಾವು ಇದಕ್ಕೆ ಶೇಪ್ ಕೊಡೋದು. ಹಾಗೇನೇ ಹೋಗೂ ಹೋಗತ್ತೆ." ಎಡಗಾಲಿನದನ್ನು ತೆಗೆದಳು. ಅದೂ ಹಾಗೇ ಇತ್ತು. ಅಂಚಿನ ಹೊಲಿಗೆಯಲ್ಲಿ ಹಳದಿ ಬಣ್ಣ ಕೂತಿತ್ತು. ನಾನು ಅದನ್ನು ಮೂಗಿನ ಹತ್ತಿರ ತಂದುಕೊಂಡೆ. ಅರಿಶಿನ.

ವಾಪಸ್ಸು ಆಟೋದಲ್ಲಿ ಹೇಗೆ ಬಂದೆನೋ ನೆನಪಿಲ್ಲ. ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಅಣ್ಣ ಹಾಲಿನ ಮಂಚದ ಮೇಲಿದ್ದ. ಕೊರೋನಾ ಕಾಲದಿಂದ ನಮ್ಮ ಮನೆಗೆ ಬರುವ ತರಕಾರಿಯೆಲ್ಲ ಅರಿಶಿನದ ಬಿಸಿನೀರಿನಲ್ಲಿ ಮುಳುಗಿಯೇ ಒಳಗೆ ಬರಬೇಕು. ಆ ಸೊಪ್ಪೂ ಮುಳುಗೆದ್ದು ಬಂದಿತ್ತು. ಅದರ ತೊಟ್ಟಿನ ಬುಡದ ಹಳದಿಯನ್ನೇ ನೋಡುತ್ತಾ ನಾನು ಅವಳ ಎದುರು ಕೂತೆ.

"ಅಮ್ಮ, ಗೌಡರ ಮಣ್ಣಿಗೆ ಹೋಗಿ ಬಂದ್ಮೇಲೆ ಅಣ್ಣನ ಶೂ ತೊಳೆದವ್ರು ಯಾರು?"

"ನಾನೇ," ಎಂದಳು ಅಮ್ಮ. ಮುಖ ಅರಳಿತು. "ಕೆಲಸದವಳು ಮುಟ್ಟಲ್ಲ ಅಂದ್ಬಿಟ್ಳು, ಗುಂಡಿ ಮಣ್ಣು ಅಂತ. ಬೇರೆ ಚಪ್ಪಲಿ ಆಗಿದ್ರೆ ಬಿಸಾಕು ಅಂತಿದ್ದೆ. ಇವನ ಔಷಧಿ ಅಲ್ವಾ ಅದು? ಬಿಸಾಕಕ್ಕಾಗತ್ತಾ? ಮೇಲಿಂದೆಲ್ಲಾ ಪೈಪಲ್ಲಿ ತೊಳೆದೆ. ಒಳಗಿರೋದನ್ನ ಕಿತ್ತು ತೆಗೆದು, ದೊಡ್ಡ ಪಾತ್ರೇಲಿ ನೀರು ಕುದಿಸಿ, ಅರಿಶಿನ ಹಾಕಿ, ಅದರಲ್ಲಿ ಅದ್ದಿಟ್ಟೆ. ಆ ಪಾತ್ರೆ ಆಮೇಲೆ ಬಿಸಾಕಿದೆ, ಚಿಂತೆ ಮಾಡ್ಬೇಡ."

ಅವಳು ಒಂದು ದಂಟನ್ನು ಮುರಿದು ನಾರು ಎಳೆದಳು.

"ಪಾಪ, ನಡೆದೂ ನಡೆದೂ ಅದು ಮಧ್ಯದಲ್ಲಿ ಉಬ್ಬಿಕೊಂಡಿತ್ತು ಕಣೆ. ಒಂದು ಕಡೆ ಹಳ್ಳ ಬೇರೆ ಬಿದ್ದಿತ್ತು. ಮಗು ಕಾಲಿಗೆ ಒತ್ತತ್ತೆ ಅಂತ ಒಗೆಯೋ ಕಲ್ಲಿನ ಮೇಲಿಟ್ಟು, ಮೇಲೊಂದು ಮಣೆ ಮಡಗಿ, ಅದರ ಮೇಲೆ ತುಂಬಿದ ಬಕೆಟ್ ಇಟ್ಟೆ. ಸಂಜೆ ಹೊತ್ತಿಗೆ ನೆಟ್ಟಗಾಗಿತ್ತು. ಹೊಸದರ ಹಾಗೆ. ಮೊಣಕಾಲು ನೋವು ಒಂದು ವಾರ ಬಿಡಲಿಲ್ಲ ನಂಗೆ."

ಬಾಯಿಗೆ ಬಂದಿತ್ತು. ನಾಲಿಗೆಯ ತುದಿಯಲ್ಲಿತ್ತು. ನನ್ನ ಸ್ವಭಾವ ನನಗೆ ಗೊತ್ತು, ತರಗತಿಯಲ್ಲಿ ಮಕ್ಕಳು ನನಗೆ ಇಟ್ಟಿರುವ ಅಡ್ಡಹೆಸರೂ ಗೊತ್ತು. ಅಷ್ಟರಲ್ಲಿ ಹಾಲಿನಿಂದ ಅಣ್ಣ, "ಏ, ಒಂದು ಲೋಟ ನೀರು ಕೊಡೆ," ಎಂದ. ಹೋದೆ. ಅವನ ತಲೆಯ ಹತ್ತಿರದ ಸ್ಟೂಲಿನ ಮೇಲೆ ನೀರಿನ ಚೊಂಬು ತುಂಬಿ ತುಳುಕುತ್ತಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದ. ನನ್ನ ಕೈಯಲ್ಲಿದ್ದ ಚೀಲವನ್ನು ನೋಡಿ, ಒಳಗಿನದನ್ನು ತೆಗೆಯಲು ಹೇಳಿದ. ಚಪ್ಪಟೆ ಅಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ದಿಂಬಿನ ಕೆಳಗಿಟ್ಟುಕೊಂಡ.

"ಹೇಳ್ಬೇಡ," ಎಂದ.

ನಾನು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದೆ. "ಯಾಕೆ ಹೇಳ್ಬಾರ್ದು? ಮಡಿ ಮಡಿ ಅಂತ ನಿನ್ನ ಕಾಲನ್ನೇ ಕುದಿಸಿಟ್ಟಿದ್ದಾಳೆ. ಅವಳಿಗೆ ಗೊತ್ತಾಗ್ಬಾರ್ದಾ?"

"ಗೊತ್ತಾದ್ರೆ ಕಾಲು ಬರತ್ತಾ? ನಂಗೆ ಹೋಗಿದ್ದು ಒಂದು ಕಾಲು. ಹೇಳಿದ್ರೆ ಅವಳಿಗೆ ಏನೇನು ಹೋಗತ್ತೆ ಯೋಚ್ನೆ ಮಾಡು. ಇನ್ನೆಷ್ಟು ದಿನ ಇರ್ತಾಳೋ. ಅಷ್ಟೂ ದಿನ ನನ್ನ ಮುಖ ನೋಡ್ದಾಗೆಲ್ಲಾ ಅದೇ ಕಾಣ್ಬೇಕಾ ಅವಳಿಗೆ?"

ನಾನು ಒಪ್ಪಲಿಲ್ಲ. ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಅಮ್ಮನ ಮೇಲೆ ನನಗೆ ಸಿಟ್ಟಿದೆ. ಅವಳು ತಟ್ಟೆಯ ಮುಂದೆ ನಿಂತು ತುಪ್ಪ ಸುರಿಯುವಾಗ, ಆ ಕೈಗಳನ್ನು ನೋಡುವಾಗ ಆ ಸಿಟ್ಟು ಉಕ್ಕಿ ಬರುತ್ತದೆ. ಆ ಕೈಗಳು ಪ್ರೀತಿಯಿಂದಲೇ ಅದನ್ನು ಮಾಡಿದವು ಎಂದು ನೆನಪಾಗಿ ಇನ್ನೂ ಹೆಚ್ಚಾಗುತ್ತದೆ. ದ್ವೇಷದಿಂದ ಮಾಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ನಾವು ಬಾಯಿ ಮುಚ್ಚಿಕೊಂಡಿದ್ದರೂ ಅಮ್ಮ ಸುಮ್ಮನಿರಲಿಲ್ಲ. ಮಗನ ಕಾಲು ಹೋದದ್ದಕ್ಕೆ ಅವಳಿಗೂ ಒಂದು ಕಾರಣ ಬೇಕಿತ್ತಲ್ಲ. ಒಂದು ಮಧ್ಯಾಹ್ನ ಜೆ.ಪಿ. ನಗರದಿಂದ ಚಿಕ್ಕಮ್ಮ ನೋಡಲು ಬಂದರು. ಮಂಚದ ಪಕ್ಕ ಕೂತು, ಹೊದಿಕೆ ತಗ್ಗಿದ್ದ ಜಾಗವನ್ನು ನೋಡಿ ಕಣ್ಣೊರೆಸಿಕೊಂಡರು. ಅಮ್ಮ ಅವರ ಕೈ ಹಿಡಿದುಕೊಂಡಳು.

"ಶೂ ಹಾಕ್ಕೊಂಡು ಮಣ್ಣಿಗೆ ಹೋಗಿದ್ದ ಕಣೆ. ಗುಂಡಿ ಮಣ್ಣು ತುಳಿದಿದ್ದ. ಅದು ಕಾಲಿಗೆ ಹಿಡ್ಕೊಳ್ತು. ಅವತ್ತು ನಾನು ಅರಿಶಿನದ ನೀರು ಕುದಿಸಿ ಅದನ್ನ ತೊಳೆದೆನೋ ಬಚಾವು. ಮೈಲಿಗೆ ಮಂಡಿಯಿಂದ ಮೇಲೆ ಹತ್ತಲಿಲ್ಲ. ಇಲ್ದಿದ್ರೆ ಮಗನ್ನೇ ತಗೊಂಡು ಹೋಗ್ತಿತ್ತು." ಅಣ್ಣನ ಕಡೆ ತಿರುಗಿದಳು. "ಅಲ್ವೇನೋ?"

"ಹೌದಮ್ಮ," ಎಂದ ಅಣ್ಣ. "ನೀನು ತೊಳೆದಿದ್ದಕ್ಕೇ ಉಳ್ಕೊಂಡೆ."

ನಾನು ಎದ್ದು ಮೇಲೆ ನನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಮೇಲೆ ಈ ಮಾತನ್ನು ಅಮ್ಮ ಹಾಲಿನವನಿಗೆ ಹೇಳಿದ್ದಾಳೆ, ಹೂವಿನವಳಿಗೆ ಹೇಳಿದ್ದಾಳೆ, ಎದುರು ಮನೆಯವರಿಗೆ ಹೇಳಿದ್ದಾಳೆ. ಪ್ರತಿ ಸಲವೂ ಅಣ್ಣ ಹೌದಮ್ಮ ಎಂದಿದ್ದಾನೆ.

ಹೋದ ತಿಂಗಳು ಅಣ್ಣನ ಹೊಸ ಕಾಲು ಬಂತು. ನಾನೇ ಹೋಗಿ ತಂದೆ. ಉದ್ದನೆಯ ರಟ್ಟಿನ ಪೆಟ್ಟಿಗೆ, ಒಳಗೆ ಮೈಬಣ್ಣದ ಪಾದ, ಲೋಹದ ಕೊಳವೆ, ಮೇಲೆ ಅವನ ಮೊಂಡು ಕಾಲಿನ ಅಚ್ಚು ತೆಗೆದು ಮಾಡಿದ ಬಟ್ಟಲು. ಬಿಸಿ ತಾಗಿಸಬೇಡಿ, ಆಕಾರ ಹೋಗುತ್ತದೆ ಎಂದು ಕೊಟ್ಟವನು ಹೇಳಿದ. ಈ ಸಲ ಅದನ್ನು ಅವನಿಂದ ಮತ್ತೊಮ್ಮೆ ಹೇಳಿಸಿದೆ. ಹೊಸಿಲ ಹತ್ತಿರ ಪೆಟ್ಟಿಗೆ ಇಳಿಸಿದಾಗ ಅಣ್ಣ ಊರುಗೋಲು ಹಿಡಿದು ಕಾಯುತ್ತಿದ್ದ. ಗೌಡರ ಕೋಲೇ ಅದು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ನಲ್ಲಿ ಸುರಿಯುವ ಸದ್ದು. ಗ್ಯಾಸಿನ ಲೈಟರ್ ಟಿಕ್ಕೆಂದಿತು.

"ಅಲ್ಲೇ ಇರ್ಲಿ, ಒಳಗೆ ತರ್ಬೇಡಿ," ಎಂದು ಅಮ್ಮ ಕೂಗಿದಳು. "ಎಲ್ಲಿ ಮಾಡಿದ್ದೋ, ಯಾರು ಯಾರು ಮುಟ್ಟಿದ್ದೋ. ನೀರಿಟ್ಟಿದ್ದೀನಿ."

ನಾನೂ ಅಣ್ಣನ ಮುಖ ನೋಡಿದೆ, ಅಣ್ಣನೂ ನನ್ನ ಮುಖ ನೋಡಿದ. ಹೇಳುವುದಿದ್ದರೆ ಅದೇ ಗಳಿಗೆ. ಅಣ್ಣ ತಲೆಯಾಡಿಸಲಿಲ್ಲ, ಬೇಡವೆನ್ನಲಿಲ್ಲ. ನಾನು ಒಳಗೆ ಹೋದೆ. ಅಮ್ಮ ದೊಡ್ಡ ಪಾತ್ರೆಯ ಮುಂದೆ ಅರಿಶಿನದ ಡಬ್ಬಿ ಹಿಡಿದು ನಿಂತಿದ್ದಳು. ಅಷ್ಟು ಎತ್ತರದ ಪಾತ್ರೆಯನ್ನು ಒಬ್ಬಳೇ ಹೇಗೆ ಒಲೆಗೆ ಏರಿಸಿದಳೋ, ಉಸಿರು ಮೇಲುಬ್ಬಸವಾಗಿತ್ತು.

"ಅದನ್ನ ಅವ್ರೇ ತೊಳೆದು ಕೊಟ್ಟಿದ್ದಾರಮ್ಮ," ಎಂದೆ.

ಅಮ್ಮ ಮಂಜುಗಣ್ಣಿನಿಂದ ನನ್ನನ್ನು ನೋಡಿದಳು. "ಬಿಸಿನೀರಲ್ಲಿ ತಾನೇ?"

"ಹೂಂ."

"ಅರಿಶಿನ ಹಾಕಿದ್ರಾ?"

"ಹಾಕಿದ್ರಮ್ಮ," ಎಂದೆ, ಗ್ಯಾಸ್ ಆರಿಸಿದೆ.